ಮನೆಯೊಳಗಿನ ವಿಷಪದಾರ್ಥಗಳೂ ಅವುಗಳ ಪಾತ್ರೆಗಳೂ

ಬೆಳೆಗೆ ಹೊಡೆಯುವ ಔಷಧಿ, ಇಲಿಪಾಷಾಣ, ಸೀಮೆಎಣ್ಣೆ, ಮೈಲುತುತ್ತ, ಔಷಧಿ ಲೇಪಿಸಿದ ಬಿತ್ತನೆಯ ಬೀಜ, ಇವುಗಳಲ್ಲಿ ಒಂದಾದರೂ ಇಲ್ಲದ ಒಕ್ಕಲುಮನೆ ಅಪೂರ್ವ. ಇವು ಬೇಡವೆಂದು ಹೇಳುವುದು ಈ ಕರಪತ್ರದ ಉದ್ದೇಶವಲ್ಲ. ಆದರೆ ಇವುಗಳಿಂದ ಅರಿಯದೆ ಒದಗುವ ಮರಣಗಳನ್ನು ವಿಚಾರಿಸಿದರೆ, ವಿಷವು ಆಹಾರದ ಪಾತ್ರೆಗೆ ಸೇರಿದುದು, ಇಲ್ಲವೆ ವಿಷದ ಪಾತ್ರೆಯು ಅಡಿಗೆಯ ಮನೆಗೆ ಬಂದುದು ಅನೇಕ ಸಲ ಕಾರಣವಾಗಿರುತ್ತದೆ.

2013ನೆಯ ಇಸವಿ ಜುಲೈ ತಿಂಗಳಲ್ಲಿ ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಗ್ರಾಮದ ಪಾಠಶಾಲೆಯಲ್ಲಿ ಮಧ್ಯಾಹ್ನದ ಊಟವನ್ನುಂಡ 23 ಮಂದಿ ಮಕ್ಕಳು ಮೃತರಾದರು. ಅಡಿಗೆಯ ಎಣ್ಣೆಯಲ್ಲಿ ಮಾನೋಕ್ರೋಟೋಫಾಸ್ ಎಂಬ ಕೀಟನಾಶಕವು ಬೆರೆತಿದ್ದಿತೆಂದು ಪರೀಕ್ಷೆಯಿಂದ ತಿಳಿದುಬಂದಿತು. ಕೀಟನಾಶಕವಿದ್ದ ಡಬ್ಬಿಯಲ್ಲಿಯೇ ಎಣ್ಣೆಯನ್ನು ಇಟ್ಟಿದ್ದರೆಂದು ಅಧಿಕಾರಿಗಳು ಹೇಳಿದರು. 1958ರಲ್ಲಿ ಕೇರಳದಲ್ಲಿ ಗೋಧಿ ಹಿಟ್ಟಿನೊಡನೆ ಸಾಗಿಸಿದ ಪ್ಯಾರಾಥಿಯಾನ್ ಸೋರಿ, ನೂರಕ್ಕೂ ಹೆಚ್ಚು ಜನ ಸತ್ತರು. ಆದುದರಿಂದ ಸಂತೆಯಿಂದ ಬರುವಾಗ ಔಷಧಿಯನ್ನೂ ದಿನಸಿಯನ್ನೂ ಒಂದೇ ಚೀಲದಲ್ಲಾಗಲಿ, ಒಂದೇ ಗಾಡಿಯಲ್ಲಾಗಲಿ ತರಕೂಡದು.

ಗಟ್ಟಿಯಾದ ಡಬ್ಬಿಯನ್ನು ಎಸೆಯಲು ಮಿತವ್ಯಯಿಗಳಾದ ಗೃಹಿಣಿಯರಿಗೆ ಮನಸ್ಸು ಬಾರದಿರುವುದು ಸಹಜವೇ. ಆದರೆ ಎಷ್ಟು ಸಲ ತೊಳೆದರೂ ಅದು ಉಣ್ಣುವ ಪದಾರ್ಥಕ್ಕೆ ಯೋಗ್ಯವಾಗಲಾರದು. ಬರಿದಾದ ಡಬ್ಬಿಯನ್ನು ಮೂರು ಸಲ ನೀರಿನಿಂದ ಕುಲುಕಿ, ಆ ನೀರನ್ನು ಸಿಂಪಡಿಸುವ ಯಂತ್ರಕ್ಕೇ ಸುರಿದು, ಡಬ್ಬಿಯ ತಳಕ್ಕೆ ತೂತು ಹೊಡೆಯತಕ್ಕದ್ದು. ತೂತಾದ ಡಬ್ಬಿಯನ್ನು ಯಾರೂ ಎಣ್ಣೆಗೆ ಉಪಯೋಗಿಸರು. ಬಾವಿ, ಕೆರೆಗಳ ಬಳಿ ಅದನ್ನು ತೊಳೆಯಕೂಡದು.

ಬಿತ್ತನೆಯ ಬೀಜದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. 1971-72ರಲ್ಲಿ ಇರಾಕ್ ದೇಶಕ್ಕೆ ಬಿತ್ತನೆಗಾಗಿ ಬಂದ ಪಾದರಸಯುಕ್ತ ಗೋಧಿಯನ್ನು ಅನೇಕ ಕುಟುಂಬಗಳು ಬೀಸಿ ರೊಟ್ಟಿ ಮಾಡಿಕೊಂಡವು. ಆಸ್ಪತ್ರೆಗೆ ಸೇರಿದವರು 6,000ಕ್ಕೂ ಹೆಚ್ಚು; ಅಲ್ಲಿ ಮಡಿದವರು 459 ಮಂದಿ. ತೊಳೆದಾಗ ಕೆಂಬಣ್ಣವು ಹೋಯಿತು, ವಿಷವು ಹೋಗಲಿಲ್ಲ. ರೋಗಲಕ್ಷಣಗಳು ವಾರಗಳ ತರುವಾಯ ತೋರಿದುದರಿಂದ, ಅಷ್ಟರಲ್ಲಿ ಜನರು ನಿಶ್ಚಿಂತೆಯಿಂದ ತಿನ್ನುತ್ತಲೇ ಇದ್ದರು. ಬಿತ್ತಿ ಉಳಿದ ಲೇಪಿತ ಬೀಜವನ್ನು ಮನೆಯ ಕಣಜಕ್ಕೆ ಸೇರಿಸುವುದೂ ಕೋಳಿಗಳಿಗೆ ಹಾಕುವುದೂ ಸರ್ವಥಾ ಕೂಡದು.

ಔಷಧಿಯ ಡಬ್ಬಿಯ ಮೇಲಿನ ಬಣ್ಣದ ಗುರುತನ್ನು ನೋಡತಕ್ಕದ್ದು. ಕೆಂಪು ಅತಿತೀವ್ರವಾದ ವಿಷವನ್ನು ಸೂಚಿಸುತ್ತದೆ. ಹಳದಿ, ನೀಲಿ, ಹಸುರುಗಳು ಕ್ರಮವಾಗಿ ಕಡಮೆಯವು. ಹಸುರೆಂದರೆ ನಿರಪಾಯವೆಂದು ತಿಳಿಯುವುದು ದೊಡ್ಡ ತಪ್ಪು. ಕಾಳಿಗೆ ಇಡುವ ಗುಳಿಗೆಗಳು ಗಾಳಿಯ ತೇವದಿಂದಲೇ ವಿಷವಾಯುವನ್ನು ಬಿಡುವುದರಿಂದ, ಅಂತಹ ಮೂಟೆಗಳಿರುವ ಕೋಣೆಯಲ್ಲಾಗಲಿ ಅದರ ಮಗ್ಗುಲಲ್ಲಾಗಲಿ ಯಾರೂ ಮಲಗಕೂಡದು.

ಸೀಮೆಎಣ್ಣೆಯನ್ನು ನೀರಿನ ಅಥವಾ ಷರಬತ್ತಿನ ಸೀಸೆಯಲ್ಲಿ ಇಡುವ ಪದ್ಧತಿಯನ್ನು ಬಿಡಬೇಕು. ಬಾಯಾರಿದ ಮಗುವಿಗೆ ಸೀಸೆಯ ಆಕಾರವೇ ಸಾಕು. ಕುಡಿದ ಮಗುವಿಗೆ ವಾಂತಿ ಮಾಡಿಸಿದರೆ ಎಣ್ಣೆಯು ಶ್ವಾಸಕೋಶಕ್ಕೆ ಇಳಿದು ಪ್ರಾಣಾಪಾಯವಾಗುತ್ತದೆ. ಬೇರೆ ವಿಷಗಳಲ್ಲಿಯೂ ಉಪ್ಪುನೀರು, ಹುಣಿಸೆನೀರು ಮುಂತಾದವನ್ನು ಕುಡಿಸಕೂಡದು. ಔಷಧಿಯು ಮೈಮೇಲೆ ಚೆಲ್ಲಿದ್ದರೆ ಬಟ್ಟೆಯನ್ನು ಕಳಚಿ, ಸಾಬೂನು ಹಚ್ಚಿ ಹೇರಳವಾದ ನೀರಿನಿಂದ ತೊಳೆಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ, ಎಡಮಗ್ಗುಲಾಗಿ ಮಲಗಿಸಿ, ತಡಮಾಡದೆ 108ಕ್ಕೆ ತಿಳಿಸಿ ಆಸ್ಪತ್ರೆಗೆ ಸಾಗಿಸತಕ್ಕದ್ದು. ಡಬ್ಬಿಯನ್ನೂ ಅದರ ಚೀಟಿಯನ್ನೂ ಜೊತೆಯಲ್ಲಿಯೇ ಒಯ್ಯಬೇಕು; ವಿಷದ ಹೆಸರು ತಿಳಿದರೆ ವೈದ್ಯರಿಗೆ ಚಿಕಿತ್ಸೆಯು ಸುಲಭವಾಗುತ್ತದೆ.

ಗ್ರಾಮದ ಮುಖಂಡರು ಬೆಳೆಗೆ ಔಷಧಿ ಹೊಡೆಯುವ ಕಾಲ ಮುಗಿದೊಡನೆ ಮನೆಮನೆಯ ಬರಿಡಬ್ಬಿಗಳನ್ನು ಒಂದೆಡೆ ಕೂಡಿಸಿ, ತಮ್ಮ ಎದುರಿನಲ್ಲಿಯೇ ತೂತು ಹೊಡೆಯಿಸತಕ್ಕದ್ದು. ಪಾಠಶಾಲೆಯ ಅಡಿಗೆಮನೆಯ ಎಣ್ಣೆ, ಹಿಟ್ಟು, ಬೇಳೆಗಳ ಡಬ್ಬಿಗಳನ್ನು ಆಗಾಗ ತೆರೆಸಿ ನೋಡುವುದೂ ಅವರ ಕೆಲಸಕ್ಕೆ ಸೇರಿದುದು.