ಹಿತ್ತಲ ಕೆಲಸಕ್ಕೆ ಮುಂಚೆ ನೀರಿನ ದಾರಿ ನೋಡಿ

ಮಳೆಗಾಲ ಹತ್ತಿರ ಬಂದಂತೆ ಹಿತ್ತಲಿನ ಬಗ್ಗೆ ಬರುವ ಪತ್ರಗಳು ಹೆಚ್ಚುತ್ತವೆ. ಕೆಲಸಕ್ಕೆ ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೊಟ್ಟು ಪೂರೈಸುವುದಿಲ್ಲ, ನಾವೇ ಮಾಡಿಕೊಳ್ಳಬಹುದೇ ಎಂಬುದೇ ಬಹುತೇಕರ ಪ್ರಶ್ನೆ. ಧಾರಾಳವಾಗಿ ಮಾಡಿಕೊಳ್ಳಬಹುದು. ಆಯ್ದ ಆರು ಪತ್ರಗಳಿಗೆ ಉತ್ತರ ಇಲ್ಲಿದೆ.

ಪ್ರಶ್ನೆ: ಬಚ್ಚಲ ನೀರು ಹಿತ್ತಲಲ್ಲಿ ನಿಂತು ನಾರುತ್ತಿತ್ತು. ಮೂರಡಿ ಗುಂಡಿ ತೋಡಿ ಕಲ್ಲು ತುಂಬಿದೆವು. ಬೇಸಿಗೆಯಲ್ಲಿ ಎಲ್ಲ ಸರಿಯಿತ್ತು, ಮಳೆ ಹಿಡಿದ ಮೇಲೆ ಗುಂಡಿ ಉಕ್ಕುತ್ತಿದೆ. ನಮ್ಮದು ಎರೆಮಣ್ಣು. ಇನ್ನೂ ಆಳ ತೋಡಬೇಕೇ?
— ಓದುಗರು, ಗದಗ ಜಿಲ್ಲೆ

ಉತ್ತರ: ಬೇಡ, ಆಳ ಹೆಚ್ಚಿಸಿದರೂ ಪ್ರಯೋಜನವಿಲ್ಲ. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ನೀರು ಆ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ನೆನೆದಾಗ ಅದೇ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಬಚ್ಚಲು ಗುಂಡಿ ಕೆಂಪು ಮಣ್ಣಿಗೆ, ಮರಳು ಮಿಶ್ರಿತ ಮಣ್ಣಿಗೆ ಚೆನ್ನಾಗಿ ಹೊಂದುತ್ತದೆ.

ಗುಂಡಿ ತೋಡುವ ಯಾರೇ ಆಗಲಿ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. ಒಂದು ಚಿಕ್ಕ ಕುಣಿ ತೆಗೆದು ನೀರು ತುಂಬಿ ರಾತ್ರಿಯಿಡೀ ನೆನೆಯಲು ಬಿಡಿ. ಮರುದಿನ ತಳದಲ್ಲಿ ಅರ್ಧ ಅಡಿಯಷ್ಟು ನೀರು ಹಾಕಿ, ಒಂದು ಕಡ್ಡಿಗೆ ಗುರುತು ಮಾಡಿ ನಿಲ್ಲಿಸಿ. ನೀರು ಒಂದು ಇಂಚು ಇಳಿಯಲು ಅರ್ಧ ಗಂಟೆಗಿಂತ ಹೆಚ್ಚು ಹಿಡಿದರೆ ಅಲ್ಲಿ ಇಂಗು ಗುಂಡಿಯ ಆಸೆ ಬಿಡಬೇಕು.

ನಿಮ್ಮಲ್ಲಿ ಆ ನೀರನ್ನು ಗಿಡಗಳಿಗೆ ಕುಡಿಸುವುದೇ ದಾರಿ. ಬಚ್ಚಲ ಪೈಪಿನ ಬಾಯಿಗೆ ಒಂದೂವರೆ ಅಡಿ ಚೌಕದ ಚಿಕ್ಕ ತೊಟ್ಟಿ ಕಟ್ಟಿ. ಕೂದಲು, ಸೋಪಿನ ಜಿಡ್ಡು, ಅನ್ನದ ಅಗುಳು ಅಲ್ಲೇ ಉಳಿಯುತ್ತವೆ. ಅದನ್ನು ವಾರಕ್ಕೊಮ್ಮೆ ಬಳಿದು ತೆಗೆಯಲೇಬೇಕು. ಅಲ್ಲಿಂದ ಒಂದಡಿ ಆಳದ, ಹತ್ತು ಹನ್ನೆರಡು ಅಡಿ ಉದ್ದದ ಕಾಲುವೆ ತೆಗೆದು ತಳಕ್ಕೆ ಜೆಲ್ಲಿ ಹಾಕಿ. ಎರಡೂ ಬದಿಗೆ ಬಾಳೆ, ಕೆಸು, ಕಾಬಾಳೆ ನೆಡಿ. ಮೂರೂ ನೀರು ಎಷ್ಟಿದ್ದರೂ ಹೀರುವ ಗಿಡಗಳು. ಕೊತ್ತಂಬರಿ, ಮೂಲಂಗಿಯಂಥ ಹಸಿಯಾಗಿ ತಿನ್ನುವ ಬೆಳೆಗೆ ಈ ನೀರು ಬೇಡ. ಮಳೆ ನೀರು ಈ ಕಾಲುವೆಗೆ ನುಗ್ಗದಂತೆ ಸುತ್ತ ಅರ್ಧ ಅಡಿ ಬದು ಹಾಕಿ. ನಿಮ್ಮ ಗುಂಡಿ ಉಕ್ಕಲು ಅದೂ ಒಂದು ಕಾರಣವಿರಬಹುದು. ಕುಡಿಯುವ ನೀರಿನ ಬಾವಿಯಿದ್ದರೆ ಇಂಥ ವ್ಯವಸ್ಥೆ ಅದರಿಂದ 60 ಅಡಿಯಾದರೂ ದೂರವಿರಲಿ.

ಪ್ರಶ್ನೆ: ಅಡುಗೆಮನೆಯ ಹಿಂದೆ ಸೂರಿನ ನೀರು ಬೀಳುವ ಕಡೆ 200 ಲೀಟರಿನ ಡ್ರಮ್ ಇಡಬೇಕೆಂದಿದ್ದೇನೆ. 600 ಚದರಡಿ ತಾರಸಿಗೆ ಒಂದು ಡ್ರಮ್ ಸಾಕೇ?
— ಗೃಹಿಣಿ, ತುಮಕೂರು

ಉತ್ತರ: ಲೆಕ್ಕ ಹಾಕೋಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ನಿಮ್ಮ ತಾರಸಿ ಸುಮಾರು 56 ಚದರ ಮೀಟರ್. ಆರಿ, ಸಿಡಿದು ಹೋಗುವುದನ್ನು ಕಳೆದರೂ 20 ಮಿಲಿಮೀಟರಿನ ಒಂದು ಮಳೆಗೆ 950 ಲೀಟರ್ ಇಳಿಯುತ್ತದೆ. ಅಂದರೆ ಮಳೆ ಕಾಲು ಭಾಗ ಮುಗಿಯುವ ಮೊದಲೇ ಡ್ರಮ್ ತುಂಬಿರುತ್ತದೆ. ಉಳಿದದ್ದು ಗೋಡೆಯ ಬುಡಕ್ಕೇ ಸುರಿದರೆ ಲಾಭಕ್ಕಿಂತ ನಷ್ಟ ಹೆಚ್ಚು. ಆದ್ದರಿಂದ ಡ್ರಮ್ಮಿನ ಕುತ್ತಿಗೆಗೆ, ಒಳಬರುವ ಪೈಪಿನಷ್ಟೇ ದಪ್ಪದ ಇನ್ನೊಂದು ಪೈಪ್ ಕೂಡಿಸಿ, ಹೆಚ್ಚಾದ ನೀರನ್ನು ತೆಂಗಿನ ಪಾತಿಗೋ ಇಂಗು ಗುಂಡಿಗೋ ಬಿಡಿ.

ತುಂಬಿದ ಡ್ರಮ್ 200 ಕಿಲೋಗೂ ಮಿಕ್ಕಿ ಭಾರ. ಬಿಡಿ ಇಟ್ಟಿಗೆ ಜೋಡಿಸಿ ಅದರ ಮೇಲೆ ಕೂರಿಸಬೇಡಿ. ಸೈಜುಗಲ್ಲಿನ ಕಟ್ಟೆ ಮಾಡಿ, ಕೊಳಾಯಿ ಕೆಳಗೆ ಬಿಂದಿಗೆ ಹಿಡಿಯುವಷ್ಟು ಎತ್ತರವಿರಲಿ. ಮೊದಲ ಮಳೆಯ ನೀರಿನಲ್ಲಿ ತಾರಸಿಯ ಧೂಳು, ಹಕ್ಕಿಯ ಹಿಕ್ಕೆ ಇರುತ್ತದೆ, ಅದನ್ನು ಹೊರಗೆ ಬಿಡಿ. ಬಾಯಿಗೆ ಸೊಳ್ಳೆಪರದೆಯ ಬಟ್ಟೆ ಬಿಗಿಯಾಗಿ ಕಟ್ಟಿ.

ಪ್ರಶ್ನೆ: ಬಾವಿಗೆ ಹೋಗುವ ಹಾಸುಗಲ್ಲಿನ ದಾರಿ ಮಳೆಗಾಲದಲ್ಲಿ ಪಾಚಿಗಟ್ಟಿ ಜಾರುತ್ತದೆ. ಅಮ್ಮನಿಗೆ ವಯಸ್ಸಾಗಿದೆ, ಭಯವಾಗುತ್ತದೆ. ಟೈಲ್ಸ್ ಹಾಕಿಸೋಣವೇ?
— ಓದುಗರು, ಶಿರಸಿ

ಉತ್ತರ: ನುಣುಪಾದ ಟೈಲ್ಸ್ ಹಾಕಿದರೆ ಅಪಾಯ ಇನ್ನೂ ಹೆಚ್ಚು. ಇರುವ ಕಲ್ಲನ್ನೇ ಸರಿಮಾಡಿ. ನೆರಳು ಮತ್ತು ನಿಂತ ನೀರು ಎರಡೂ ಸೇರಿದಲ್ಲಿ ಪಾಚಿ ಬೆಳೆಯುತ್ತದೆ. ನೆರಳನ್ನು ಕೊಂಬೆ ಸವರಿ ಸ್ವಲ್ಪ ಕಡಿಮೆ ಮಾಡಬಹುದು. ನೀರು ನಿಲ್ಲದಂತೆ ಮಾಡುವುದು ಪೂರ್ತಿ ನಿಮ್ಮ ಕೈಯಲ್ಲಿದೆ.

ಹಾರೆ ಹಾಕಿ ಕಲ್ಲುಗಳನ್ನು ಎಬ್ಬಿಸಿ. ಆರು ಇಂಚು ಮಣ್ಣು ತೆಗೆದು ನಾಲ್ಕು ಇಂಚು ಜೆಲ್ಲಿ ಹಾಕಿ ದಮ್ಮಸು ಮಾಡಿ. ಮೇಲೆ ಒಂದೆರಡು ಇಂಚು ಮರಳು ಹರಡಿ ಕಲ್ಲು ಕೂರಿಸಿ. ಐದು ಅಡಿಗೆ ಒಂದು ಇಂಚಿನಂತೆ ಒಂದು ಬದಿಗೆ ಇಳಿಜಾರು ಕೊಡಿ. ಗಾರೆಯವರು ಬಳಸುವ ಹಾಗೆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡೂ ತುದಿ ಹಿಡಿದರೆ ಮಟ್ಟ ಗೊತ್ತಾಗುತ್ತದೆ. ಕಲ್ಲಿನ ಒರಟು ಮುಖ ಮೇಲಿರಲಿ. ಎರಡೂ ಮುಖ ಸವೆದಿದ್ದರೆ ಕಲ್ಲುಕುಟಿಗರಿಂದ ಉಳಿಯಲ್ಲಿ ಅಡ್ಡಗೆರೆ ಹೊಡೆಸಿ, ಕಾಲಿಗೆ ಹಿಡಿತ ಸಿಗುತ್ತದೆ. ಅಷ್ಟಾದರೂ ನಿಮ್ಮ ಕಡೆಯ ಮಳೆಗೆ ಪಾಚಿ ಪೂರ್ತಿ ನಿಲ್ಲದು. ವಾರಕ್ಕೊಮ್ಮೆ ಗಟ್ಟಿ ಬ್ರಷ್ಷಿನಲ್ಲಿ ಮರಳು ಹಾಕಿ ಉಜ್ಜಿ, ಅಮ್ಮನ ಕೈಗೆ ಸಿಗುವಂತೆ ಒಂದು ಬದಿ ಪೈಪಿನ ಹಿಡಿಕೆ ನಿಲ್ಲಿಸಿ. ಈ ಹಿಡಿಕೆಯನ್ನು ಮಾತ್ರ ಮುಂದೂಡಬೇಡಿ.

ಪ್ರಶ್ನೆ: ಬಸಳೆ ಚಪ್ಪರದ ಬಿದಿರು ಎರಡೇ ವರ್ಷಕ್ಕೆ ಬುಡದಲ್ಲಿ ಕೊಳೆತು ಬೀಳುತ್ತಿದೆ. ಏನು ಮಾಡುವುದು?
— ನಿವೃತ್ತ ಶಿಕ್ಷಕರು, ಕುಂದಾಪುರ

ಉತ್ತರ: ಬಿದಿರು ಕೊಳೆಯುವುದು ನೆಲದ ಮಟ್ಟದಲ್ಲೇ, ತೇವವೂ ಗಾಳಿಯೂ ಒಟ್ಟಿಗೆ ಸಿಗುವ ಜಾಗದಲ್ಲಿ. ಹಾಗಾಗಿ ಬಿದಿರನ್ನು ಮಣ್ಣಿಗೆ ಇಳಿಸಲೇಬೇಡಿ. ಕಲ್ಲುಕಂಬದ ತುಂಡನ್ನೋ ಜಿಐ ಪೈಪನ್ನೋ ಎರಡಡಿ ಹೂತು, ಒಂದಡಿ ಮೇಲೆ ಬಿಟ್ಟು, ಅದಕ್ಕೆ ಬಿದಿರನ್ನು ತಂತಿಯಿಂದ ಬಿಗಿಯಿರಿ. ಎಳೆಯ ಬಿದಿರಿನಲ್ಲಿ ಪಿಷ್ಟ ಹೆಚ್ಚು, ಹುಳು ಬೇಗ ಹಿಡಿಯುತ್ತದೆ. ಮೂರು ವರ್ಷ ದಾಟಿದ ಗಳ ಆರಿಸಿ. ಕಡಿದ ಬಿದಿರನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಡುವ ಹಳೆಯ ಪದ್ಧತಿಯಿಂದ ಆ ಅಂಶ ಕರಗಿ ಹೋಗುತ್ತದೆ. ಚಪ್ಪರ ಆರೂವರೆ ಅಡಿ ಎತ್ತರವಿದ್ದರೆ ತಲೆ ತಾಗದು, ಕೊಯ್ಯಲು ಏಣಿಯೂ ಬೇಡ.

ಪ್ರಶ್ನೆ: ಹಳೆಯ ಒರಳುಕಲ್ಲಿನಲ್ಲಿ ಹಕ್ಕಿಗಳಿಗೆ ನೀರಿಟ್ಟಿದ್ದೇವೆ. ಡೆಂಗ್ಯೂ ಬರುತ್ತದೆಂದು ಪಕ್ಕದ ಮನೆಯವರ ತಕರಾರು.
— ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಅವರ ಆತಂಕ ಸರಿಯಾದದ್ದೇ. ಆದರೆ ಹಕ್ಕಿಗಳಿಗೆ ನೀರು ತಪ್ಪಿಸಬೇಕಿಲ್ಲ. ಮೊಟ್ಟೆ ಸೊಳ್ಳೆಯಾಗಲು ಸಾಮಾನ್ಯವಾಗಿ ಒಂದು ವಾರದ ಮೇಲೆ ಬೇಕು. ಮೂರು ದಿನಕ್ಕೊಮ್ಮೆ ನೀರು ಚೆಲ್ಲಿ, ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಉಜ್ಜುವುದು ಮುಖ್ಯ: ಡೆಂಗ್ಯೂ ಸೊಳ್ಳೆ ನೀರಿನ ಅಂಚಿಗೆ ಮೊಟ್ಟೆ ಅಂಟಿಸುತ್ತದೆ, ಅವು ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ.

ಪ್ರಶ್ನೆ: ಹೊಸ ಮನೆ ಕಟ್ಟಿದ್ದೇವೆ. ಹಿತ್ತಲು ಖಾಲಿ ಇದೆ, ಕೈಯಲ್ಲಿ ಹದಿನೈದು ಸಾವಿರವಿದೆ. ಎಲ್ಲಿಂದ ಶುರುಮಾಡಲಿ?
— ಓದುಗರು, ದಾವಣಗೆರೆ

ಉತ್ತರ: ಮೊದಲ ಜೋರು ಮಳೆಗೆ ಕೊಡೆ ಹಿಡಿದು ಹಿತ್ತಲಿಗೆ ಇಳಿಯಿರಿ. ನೀರು ಎಲ್ಲಿಂದ ಬಂತು, ಎಲ್ಲಿ ನಿಂತಿತು, ಎಲ್ಲಿಂದ ಹೊರಗೆ ಹೋಯಿತು ನೋಡಿ, ನಿಂತಲ್ಲೆಲ್ಲ ಒಂದೊಂದು ಗೂಟ ಹೊಡೆಯಿರಿ. ಮುಂದಿನ ಕೆಲಸಕ್ಕೆಲ್ಲ ಆ ಗೂಟಗಳೇ ನಕ್ಷೆ. ಮೊದಲು ಗೋಡೆಯ ಬುಡಕ್ಕೆ ಮಣ್ಣು ಏರಿಸಿ ನೀರು ಮನೆಯಿಂದ ಆಚೆಗೆ, ಆದರೆ ಪಕ್ಕದವರ ಕಾಂಪೌಂಡಿಗೆ ನುಗ್ಗದಂತೆ ಹರಿಯಲಿ. ಆಮೇಲೆ ನಡೆಯುವ ದಾರಿ, ಆಮೇಲೆ ಗಿಡ. ಕರಿಬೇವು, ನಿಂಬೆ, ನುಗ್ಗೆ ಮನೆಯ ಹತ್ತಿರವಿರಬಹುದು. ಮಾವು, ಹಲಸು ಗೋಡೆಯಿಂದ 20 ಅಡಿಯಾದರೂ ದೂರವಿರಲಿ. ಇಡೀ ಹಿತ್ತಲಿಗೆ ಕಾಂಕ್ರೀಟ್ ಮಾತ್ರ ಹಾಕಿಸಬೇಡಿ. ನೀರು ಇಂಗುವ ಜಾಗವೇ ಉಳಿಯುವುದಿಲ್ಲ. ಈ ವರ್ಷ ಅರ್ಧ ಹಣ ಖರ್ಚಾಗದೆ ಉಳಿದರೆ ಉಳಿಯಲಿ. ಒಂದು ಮಳೆಗಾಲ ನೋಡಿ ಮಾಡಿದ ಕೆಲಸವನ್ನು ಮತ್ತೆ ಕಿತ್ತು ಹಾಕುವ ಪ್ರಮೇಯ ಬರುವುದು ಕಡಿಮೆ.