ಇಂದಿನ ಧಮ್ಮ ಚಿಂತನೆ: ಬಣ್ಣ ಕೊಟ್ಟವರು ಯಾರು?

 

ಹೋದ ವಾರ ವಿಜ್ಞಾನದ ಮೇಷ್ಟ್ರು ರಜೆಯಲ್ಲಿದ್ದರು. ಅವರ ಪೀರಿಯಡ್‌ಗೆ ಹೋದ ನಾನು ಎಂ74 ಎಂಬ ಸುರುಳಿ ಗೆಲಾಕ್ಸಿಯ ಚಿತ್ರ ತೋರಿಸಿದೆ. 2022ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ತೆಗೆದದ್ದು. ಗೆಲಾಕ್ಸಿ ಇರುವುದು ಸುಮಾರು 3 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ಒಬ್ಬ ಹುಡುಗಿ ಎದ್ದು, "ಹತ್ತಿರ ಹೋದರೂ ಇದೇ ಬಣ್ಣ ಕಾಣುತ್ತಾ ಸರ್?" ಎಂದಳು. ನನಗೆ ಗೊತ್ತಿರಲಿಲ್ಲ. ಆದರೂ "ಹೌದಮ್ಮ" ಎಂದುಬಿಟ್ಟೆ.

ರಾತ್ರಿ ಓದಿದೆ. ಆ ಚಿತ್ರ ತೆಗೆದದ್ದು ಅವಕೆಂಪು ಬೆಳಕಿನಲ್ಲಿ. ಅದು ನಮ್ಮ ಕಣ್ಣಿಗೆ ಕಾಣದು. ಬೇರೆ ಬೇರೆ ಫಿಲ್ಟರ್‌ಗಳಲ್ಲಿ ತೆಗೆದ ಕಪ್ಪು-ಬಿಳುಪು ಚಿತ್ರಗಳಿಗೆ ಬಣ್ಣ ಕೊಟ್ಟು ಜೋಡಿಸುತ್ತಾರೆ. ಸಾಮಾನ್ಯವಾಗಿ ಉದ್ದ ತರಂಗಕ್ಕೆ ಕೆಂಪು, ಗಿಡ್ಡ ತರಂಗಕ್ಕೆ ನೀಲಿ. ಸುರುಳಿ ನಿಜ, ಬಣ್ಣ ಮನುಷ್ಯರು ಕೊಟ್ಟದ್ದು. ಆದರೆ ಯಾವ ಫಿಲ್ಟರಿಗೆ ಯಾವ ಬಣ್ಣ ಎಂಬುದನ್ನು ಬಚ್ಚಿಡುವುದಿಲ್ಲ, ಬೇಕಾದವರು ಪರೀಕ್ಷಿಸಬಹುದು. ಭಗವಾನ್ ಬುದ್ಧರ 'ಏಹಿ ಪಸ್ಸಿಕೋ' ಎಂದರೂ ಇದೇ: ಬಾ, ನೀನೇ ನೋಡು.

ನಮ್ಮ ಹಿರಿಯರಿಗೂ ಒಂದು ಬಣ್ಣ ಹಚ್ಚಿದ್ದರು, ಹುಟ್ಟಿನಿಂದಲೇ ಕೀಳು ಎಂದು. ಹಚ್ಚಿದವರು ಯಾರು, ಏಕೆ ಎಂದು ಕೇಳುವ ಹಾಗಿರಲಿಲ್ಲ. ಕೇಳುವುದನ್ನು ಬಾಬಾಸಾಹೇಬರು ಕಲಿಸಿದರು. ಅವರ ದಾರಿಯಲ್ಲಿರುವ ನಾನೇ, ಕೇಳಿದ ಮಗುವಿನ ಬಾಯಿ ಮುಚ್ಚಿಸಿದ್ದೆ.

ಮರುದಿನ ಅದೇ ತರಗತಿಗೆ ಹೋಗಿ, "ನಿನ್ನೆ ನಾನು ಹೇಳಿದ್ದು ತಪ್ಪು" ಎಂದೆ. ದಿನವೂ ಹೇಳುವ ನಾಲ್ಕನೇ ಶೀಲ ಅಂದು ನಿಜಕ್ಕೂ ಅರ್ಥವಾಯಿತು.

ಇಂದಿನ ಅಭ್ಯಾಸ: ಗೊತ್ತಿಲ್ಲದ್ದನ್ನು ಒಮ್ಮೆಯಾದರೂ "ಗೊತ್ತಿಲ್ಲ" ಎನ್ನೋಣ.

ಭವತು ಸಬ್ಬ ಮಂಗಲಂ.