ಮೊದಲ ಫೋನ್ 998ಕ್ಕೆ, ಆಮೇಲೆ ಸೂಪರ್‌ವೈಸರ್‌ಗೆ

ದುಬೈನ ಕಾಲೇಜೊಂದರ ಅಕೌಂಟ್ಸ್ ವಿಭಾಗದಲ್ಲಿ ನನ್ನ ಕೆಲಸ. ನಿಮ್ಮಲ್ಲೂ ಹಲವರು ಇಂಥ ಕ್ಯಾಂಪಸ್‌ಗಳಲ್ಲಿ ಸೆಕ್ಯುರಿಟಿ, ಕ್ಲೀನಿಂಗ್, ತೋಟ, ಕ್ಯಾಂಟೀನ್ ಕೆಲಸದಲ್ಲಿದ್ದೀರಿ. ಒಂದು ಜುಲೈ ತಿಂಗಳು, ಮಧ್ಯಾಹ್ನದ ವಿರಾಮ ಮುಗಿದು ಒಂದು ಗಂಟೆಯಾಗಿತ್ತಷ್ಟೆ. ತೋಟದ ಕೆಲಸದವರೊಬ್ಬರು ಲೈಬ್ರರಿ ಹಿಂದೆ ಕುಸಿದು ಬಿದ್ದರು. ಜೊತೆಯವರು ಸೂಪರ್‌ವೈಸರ್‌ಗೆ ಫೋನ್ ಮಾಡಿದರು, ಅವರು ಆಫೀಸಿಗೆ ಮಾಡಿದರು. ಆಂಬ್ಯುಲೆನ್ಸ್‌ಗೆ ಯಾರೋ ಹೇಳಿರ್ತಾರೆ ಅಂತ ನಾನೂ ಸುಮ್ಮನೆ ನಿಂತಿದ್ದೆ. ಯಾರೂ ಹೇಳಿರಲಿಲ್ಲ. ಆತ ಬದುಕಿಕೊಂಡರು, ಅದು ನಮ್ಮ ಜಾಣತನದಿಂದಲ್ಲ.

ಯುಎಇಯಲ್ಲಿ ಆಂಬ್ಯುಲೆನ್ಸ್ 998, ಪೊಲೀಸ್ 999, ಅಗ್ನಿಶಾಮಕ 997. ಇವಕ್ಕೆ ಫೋನ್ ಮಾಡಲು ಯಾರ ಒಪ್ಪಿಗೆಯೂ ಬೇಡ.

ಫೋನಿನಲ್ಲಿ ಏನು ಹೇಳಬೇಕು?
ಕಾಲೇಜಿನ ಹೆಸರು, ಕಟ್ಟಡ, ಗೇಟ್ ನಂಬರ್ ಹೇಳಿ. ದುಬೈನಲ್ಲಿ ಕಟ್ಟಡದ ಬಾಗಿಲ ಬಳಿ 10 ಅಂಕಿಯ ಮಕಾನಿ ನಂಬರ್ ಇರುತ್ತದೆ, ಅದನ್ನೂ ಹೇಳಿ. ಇಂಗ್ಲಿಷ್ ಸರಿಯಾಗಿ ಬರಲ್ಲ ಅಂತ ಸಂಕೋಚ ಬೇಡ. "ಮ್ಯಾನ್ ನಾಟ್ ಬ್ರೀದಿಂಗ್" ಅಂದರೂ ಸಾಕು. ಅವರು ಹೇಳುವವರೆಗೆ ಫೋನ್ ಇಡಬೇಡಿ. ಒಬ್ಬರನ್ನು ಗೇಟಿಗೆ ಓಡಿಸಿ. ದೊಡ್ಡ ಕ್ಯಾಂಪಸ್‌ನಲ್ಲಿ ಆಂಬ್ಯುಲೆನ್ಸ್ ದಾರಿ ಹುಡುಕುತ್ತಾ ಸುತ್ತಬಾರದು.

ಆಂಬ್ಯುಲೆನ್ಸ್ ಬರುವವರೆಗೆ
1. ಭುಜ ತಟ್ಟಿ ಕೂಗಿ. ಉತ್ತರವಿಲ್ಲ, ಉಸಿರೂ ಇಲ್ಲ ಅಂದರೆ ಎದೆಯ ನಡುವೆ ಎರಡೂ ಕೈಯಿಟ್ಟು ಜೋರಾಗಿ ಒತ್ತಿ: 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ತಡೆದು ತಡೆದು ಬರುವ ಗೊರಕೆಯಂಥ ಸದ್ದನ್ನು ಉಸಿರಾಟ ಅಂತ ತಿಳಿಯಬೇಡಿ. ಇನ್ನೊಬ್ಬರು ಎಇಡಿ ಯಂತ್ರ ತರಲಿ. ಆನ್ ಮಾಡಿದರೆ ಅದೇ ದಾರಿ ಹೇಳುತ್ತದೆ.
2. ಉಸಿರಿದೆ, ಪ್ರಜ್ಞೆಯಿಲ್ಲ ಅಂದರೆ ಮಗ್ಗುಲಾಗಿ ಮಲಗಿಸಿ. ಬಾಯಿಗೆ ನೀರು ಹಾಕಬೇಡಿ.
3. ಬಿಸಿಲಿಗೆ ಬಿದ್ದು ಮೈ ಸುಡುತ್ತಿದ್ದರೆ, ಮಾತು ತೊದಲುತ್ತಿದ್ದರೆ ನೆರಳಿಗೆ ಅಥವಾ ಎಸಿ ಕೋಣೆಗೆ ಒಯ್ಯಿರಿ. ಹೆಚ್ಚಿನ ಬಟ್ಟೆ ತೆಗೆದು, ಮೈಗೆಲ್ಲ ತಣ್ಣೀರು ಹಾಕಿ ಗಾಳಿ ಬೀಸಿ.
4. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಟ್ಟು ಒತ್ತಿ ಹಿಡಿಯಿರಿ. ಪದೇಪದೇ ತೆಗೆದು ನೋಡಬೇಡಿ.
5. ಮೂರ್ಛೆ ರೋಗ ಬಂದರೆ ಊರಲ್ಲಿ ಕೈಗೆ ಕಬ್ಬಿಣ ಕೊಡ್ತಾರೆ, ಈರುಳ್ಳಿ ಮೂಸಿಸ್ತಾರೆ. ಅದರಿಂದ ಉಪಯೋಗವಿಲ್ಲ. ತಲೆ ಕೆಳಗೆ ಮೆತ್ತನೆಯದೇನಾದರೂ ಇಡಿ. ಕೈಕಾಲು ಅದುಮಬೇಡಿ, ಬಾಯಿಗೆ ಏನೂ ತುರುಕಬೇಡಿ.
6. ಕ್ಯಾಂಟೀನ್‌ನಲ್ಲಿ ಸುಟ್ಟುಕೊಂಡರೆ ಹರಿಯುವ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್ ಬೇಡ.

ದುಡ್ಡಿನ ಮಾತು
"ಬಿಲ್ ಯಾರು ಕಟ್ಟೋದು?" ಅನ್ನೋ ಭಯಕ್ಕೇ ಎಷ್ಟೋ ಜನ ಫೋನ್ ಎತ್ತುವುದಿಲ್ಲ. ಖಾಸಗಿ ಕಂಪನಿ ನೌಕರರಿಗೆ ಅನ್ವಯಿಸುವ 2021ರ ಕಾರ್ಮಿಕ ಕಾನೂನಿನ ಪ್ರಕಾರ, ಕೆಲಸದಿಂದಾದ ಗಾಯದ ಚಿಕಿತ್ಸೆಯ ಖರ್ಚು ಮಾಲೀಕರದ್ದು. ಕೆಲಸಕ್ಕೆ ಬರಲಾಗದಿದ್ದರೆ ಚಿಕಿತ್ಸೆಯ ಅವಧಿಗೆ 6 ತಿಂಗಳವರೆಗೆ ಪೂರ್ತಿ ಸಂಬಳವೂ ಸಿಗಬೇಕು. ಆದರೆ ಲೆಕ್ಕಕ್ಕೆ ದಾಖಲೆ ಬೇಕು. ಘಟನೆ ನಡೆದ ಸಮಯ, ಜಾಗ, ನೋಡಿದವರ ಹೆಸರು ಅಂದೇ ಬರೆದಿಡಿ. ಆಸ್ಪತ್ರೆಯ ಎಲ್ಲ ಕಾಗದಗಳ ಫೋಟೋ ತೆಗೆದು ಮನೆಯವರೊಬ್ಬರಿಗೆ ಕಳಿಸಿ. ಇನ್ಶೂರೆನ್ಸ್ ಕಾರ್ಡ್ ಮತ್ತು ಎಮಿರೇಟ್ಸ್ ಐಡಿ ಸದಾ ಜೇಬಿನಲ್ಲಿರಲಿ.

ಈ ವಾರ ಮಾಡಿ
ನಿಮ್ಮ ಕ್ಯಾಂಪಸ್‌ನಲ್ಲಿ ಎಇಡಿ ಎಲ್ಲಿದೆ, ಕ್ಲಿನಿಕ್ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ರಾತ್ರಿ ಯಾವ ಗೇಟ್ ತೆರೆದಿರುತ್ತದೆ ಎಂದು ಕೇಳಿ ತಿಳಿಯಿರಿ. ನೀವು ಕೆಲಸ ಮಾಡುವ ಕಟ್ಟಡದ ಮಕಾನಿ ನಂಬರ್ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ರೂಮಿನ ಗೆಳೆಯರಿಗೂ ಇದನ್ನು ಓದಿ ಹೇಳಿ. ನಾಳೆ ಬೀಳುವವರು ನೀವೇ ಆದರೆ, ಫೋನ್ ಮಾಡಬೇಕಾದವರು ಅವರೇ.